ಅಪ್‌ಡೇಟ್: ಬಿಪಿ ಕೋರ್ಸೋ, ಮೇಲ್ವಿಚಾರಕರ ತರಬೇತಿಯೋ?

ಮನೆಮನೆ ಭೇಟಿಯ ಆರೋಗ್ಯ ಕೆಲಸದಲ್ಲಿ ಏಳು ವರ್ಷ ಆಯಿತು, ಮುಂದೆ ಬಿಪಿ-ಶುಗರ್ ಕೋರ್ಸ್ ಮಾಡಲಾ, ಮೇಲ್ವಿಚಾರಕರ ತರಬೇತಿಗೆ ಹೋಗಲಾ ಅಂತ ಕೇಳಿದ್ದೆ. ಮೊದಲನೆಯದನ್ನೇ ಮುಗಿಸಿದೆ.

ಸುಮ್ನೆ ಸರ್ಟಿಫಿಕೇಟಿಗೆ ಅಂದುಕೊಂಡಿದ್ದೆ. ಮೊದಲ ದಿನವೇ ನಾಚಿಕೆಯಾಯಿತು. ಬಿಪಿ ನೋಡುವ ಮೊದಲು 5 ನಿಮಿಷ ಸುಮ್ಮನೆ ಕೂರಿಸಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಅಂಕಿ ಜಾಸ್ತಿ ತೋರಿಸುತ್ತದೆ. ನಾನು ಇಷ್ಟು ದಿನ ಮಾತಾಡಿಸುತ್ತಲೇ ಅಳೆಯುತ್ತಿದ್ದೆ!

ಕಲಿತ ಇನ್ನೊಂದು ವಿಷಯ, ರೋಗಿಗೆ 'ಅರ್ಥ ಆಯ್ತಾ?' ಅನ್ನುವ ಬದಲು 'ಮಾತ್ರೆ ಹೇಗೆ ತಗೋತೀರಿ, ಹೇಳಿ' ಅನ್ನುವುದು. ಎಷ್ಟು ವ್ಯತ್ಯಾಸ ಅಲ್ವಾ?

ಬಡ್ತಿ ಕೇಳುವಾಗ ನಮ್ಮಂಥ ಸಮುದಾಯ ಆರೋಗ್ಯ ಕಾರ್ಯಕರ್ತರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ 2018ರ ಮಾರ್ಗಸೂಚಿ ತೋರಿಸಿದೆ. ಚೆನ್ನಾಗಿ ಕೆಲಸ ಮಾಡುವವರಿಗೆ ಮೇಲೇರುವ ದಾರಿ ಇರಬೇಕು ಅಂತ ಅದರಲ್ಲಿದೆ. ಸಂಬಳ ಇನ್ನೂ ಅಷ್ಟೇ. ಆದರೆ ಹೊಸಬರಿಗೆ ಕಲಿಸುವ ಕೆಲಸ ಕೊಟ್ಟಿದ್ದಾರೆ.