ಅಪ್‌ಡೇಟ್: ಮಗಳು ಬಡಿಯೋ ರೊಟ್ಟಿ ಈಗ ಹರಿಯಂಗಿಲ್ಲ

9 ವರ್ಷದ ಮಗಳಿಗೆ ಜೋಳದ ರೊಟ್ಟಿ ಬಡಿಯೋದಂದ್ರ ಭಾಳ ಪ್ರೀತಿ, ಆದ್ರ ಅಂಚು ಸೀಳಿ ಹರೀತಾವ, ಏನು ಮಾಡ್ಲಿ ಅಂತ ಕೇಳಿದ್ದೆ. ನೀವು ಹೇಳಿದ್ದು ಖರೇ, ತಪ್ಪು ಬರೇ ಆಕಿ ಕೈದಲ್ಲ, ಹಿಟ್ಟಿಂದೂ ಇತ್ತು. ಹಳೇ ಹಿಟ್ಟಿನ್ಯಾಗ ಜಿಗಿ ಇರಲಿಲ್ಲ. ಈಗ ಧಾರವಾಡದ ಗಿರಣಿಯೊಳಗ ಬಿಳಿಜೋಳ ನುಣ್ಣಗ ಬೀಸಿಸಿ, ವಾರದೊಳಗ ಮುಗಸ್ತೀವಿ.

ಗೋಧಿ ಹಿಟ್ಟನ್ನ ಹಿಡಿದಿಡೋ ಗ್ಲುಟೆನ್ ಅನ್ನೋ ಅಂಟು ಜೋಳದಾಗ ಇಲ್ಲ. ಕುದಿಯೋ ಎಸರಿನ್ಯಾಗ ಪಿಷ್ಟ ಬೆಂದ್ರನ ಹಿಟ್ಟಿಗೆ ಹಿಡಿತ ಬರತದ. ಉಗುರುಬೆಚ್ಚಗಿನ ನೀರು ಸಾಲಂಗಿಲ್ಲ. 2 ಬಟ್ಟಲ ಹಿಟ್ಟಿಗೆ ಸುಮಾರು 1½ ಬಟ್ಟಲ ಎಸರು. ಎಸರು ಹಾಕಿ ಸೌಟಿಲೆ ಕಲಸೋದು ದೊಡ್ಡವರ ಕೆಲಸ. 5 ನಿಮಿಷ ಮುಚ್ಚಿಟ್ಟು, ಬಿಸಿ ಕೈಗೆ ತಡೆಯೋವಷ್ಟಾದ ಮ್ಯಾಲ ನಾದೋದು ಆಕಿದು.

ಎಲ್ಲಾ ಒಮ್ಮೆಲೇ ನಾದಿಟ್ರ ಒಣಗಿ ಬಿರೀತದ. ಒಂದೊಂದು ರೊಟ್ಟಿಗಾಗೋವಷ್ಟ ತಗೊಂಡು, ಕೈ ಒದ್ದಿ ಮಾಡ್ಕೊಂಡು, ಅಂಗೈ ಬುಡದಿಂದ ಚೊಲೋತಂಗ ತಿಕ್ಕಬೇಕು. ಸಣ್ಣ ಕೈಗೆ ಲಿಂಬಿಹಣ್ಣಿನಷ್ಟು ಉಂಡಿ ಸಾಕು. ಕೆಳಗ ಒಣಹಿಟ್ಟು ಉದುರಿಸಿ, ಅಂಚಿನ ಸುತ್ತ ತಿರುಗಿಸ್ತಾ ಬಡೀಬೇಕು. ಆಕಿ ನಡುವಷ್ಟ ಬಡೀತಿದ್ಲು, ಸೀಳಿಗೆ ಅದೂ ಕಾರಣ.

ಹಂಚಿಗೆ ನಾನ ಹಾಕ್ತೀನಿ, ಒಣಹಿಟ್ಟಿನ ಮಗ್ಗಲು ಮ್ಯಾಲ ಬರೋಹಂಗ. ಒದ್ದಿ ಅರಿವೀಲೆ ಸವರಿ, ನೀರು ಆರಿದ ಕೂಡಲೇ ತಿರುವಬೇಕು; ಮೊದಲ ತಿರುವಿದ್ರ ಅಂಟ್ಕೋತದ, ತಡ ಆದ್ರ ಬಿರೀತದ. ದಪ್ಪ ಒಂದ ಸಮ ಬರದ್ದಕ್ಕ ಕೆಲವು ಇನ್ನೂ ಉಬ್ಬಂಗಿಲ್ಲ.