ಮೊದಲ ಸಲ ಗಾಳ ಹಿಡಿಯುವವರನ್ನು ದೋಣಿಯಲ್ಲಿ ಕರೆದೊಯ್ಯಲು ಯಾವ ಹಿನ್ನೀರು, ಯಾವ ದಂಡೆ?

ಕಾಗಿಣಾ ದಂಡೆಯವ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಂಡೆಯ ಮೇಲೆ ಕುಳಿತು ಗಾಳ ಹಾಕುವುದು ನನಗೆ ಹತ್ತು ವರ್ಷಗಳ ರೂಢಿ, ಆದರೆ ದೋಣಿಯಿಂದ ಮೀನು ಹಿಡಿದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ದೀಪಾವಳಿ ಮುಗಿದ ಮೇಲೆ ಅಕ್ಕನ ಇಬ್ಬರು ಮಕ್ಕಳನ್ನೂ ಕಚೇರಿಯ ಮೂವರು ಗೆಳೆಯರನ್ನೂ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟುಬಿಟ್ಟಿದ್ದೇನೆ. ಇವರಲ್ಲಿ ಒಬ್ಬರೂ ಈವರೆಗೆ ಗಾಳ ಮುಟ್ಟಿದವರಲ್ಲ, ಇಬ್ಬರಿಗೆ ಈಜು ಬಾರದು.

ಹೇರೂರಿನ ಬೆಣ್ಣೆತೊರೆ ಜಲಾಶಯ, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ, ನಾರಾಯಣಪುರದ ಬಸವಸಾಗರ, ಈ ಮೂರು ಜಾಗಗಳು ನನ್ನ ಮನಸ್ಸಿನಲ್ಲಿವೆ. ದೊಡ್ಡ ಕಟ್ಲಾ ಮೀನು ಸಿಕ್ಕರೆ ಹೊಸಬರಿಗೆ ಹುರುಪು ಬಂದೀತೆಂಬ ಆಸೆಯಿಂದ ಬಸವಸಾಗರದ ಕಡೆಗೆ ಮನಸ್ಸು ವಾಲುತ್ತಿದೆ. ದಂಡೆಯಿಂದ ಎಷ್ಟು ದೂರ ಹೋಗಬೇಕು, ಎಷ್ಟು ಆಳದಲ್ಲಿ ದೋಣಿ ನಿಲ್ಲಿಸಬೇಕು, ಯಾವ ಹೊತ್ತು ಒಳ್ಳೆಯದು ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕು.

ಹಳೆಯ ಹರಿಗೋಲು, ಹುಮನಾಬಾದ್

ಬಸವಸಾಗರದ ಆಸೆಯನ್ನು ಈ ಸಲಕ್ಕೆ ಬದಿಗಿಡಿ. ಹೊಸಬರಿದ್ದಾಗ ನಾನು ಮೊದಲು ನೋಡುವುದು ದೋಣಿ ಹತ್ತುವ ದಂಡೆಯನ್ನು, ಆಮೇಲೆ ಗಾಳಿಯನ್ನು. ಮೀನಿನ ಮಾತು ಬರುವುದು ಮೂರನೆಯದಾಗಿ.

ದಂಡೆಯ ವಿಷಯ ನಿಮಗೆ ಗೊತ್ತಿದ್ದರೂ ಹೇಳುತ್ತೇನೆ, ಏಕೆಂದರೆ ಒಬ್ಬರೇ ಕುಳಿತು ಗಾಳ ಹಾಕುವಾಗ ಅದು ಅಷ್ಟಾಗಿ ಕಾಡುವುದಿಲ್ಲ. ಎರೆಭೂಮಿ ಮುಳುಗಿದ ಕಡೆ ನೀರು ಒಂದು ಗೇಣು ಇಳಿದರೂ ಸಾಕು, ಮೇಲ್ಪದರ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದಂತೆ ಕಾಣುತ್ತದೆ. ಕಾಲಿಟ್ಟವರು ಮೊಣಕಾಲಿನವರೆಗೆ ಹೂತು, ಕಾಲು ಕಿತ್ತಾಗ ಚಪ್ಪಲಿ ಕೆಸರಿನಲ್ಲೇ ಉಳಿದಿರುತ್ತದೆ. ಆ ಸ್ಥಿತಿಯಲ್ಲಿ ಗಾಬರಿಯಾದವರು ದೋಣಿಯ ಒಂದೇ ಅಂಚಿಗೆ ಜೋತುಬಿದ್ದರೆ ಅದು ಮಗುಚುವುದು ಕಷ್ಟವೇನಲ್ಲ. ಆದ್ದರಿಂದ ಮುರುಮಿನ ದಂಡೆಯನ್ನೇ ಹುಡುಕಿ. ಕೆಂಪು ಗರಸು ಮಣ್ಣು ನೀರಿನೊಳಗೂ ಮುಂದುವರಿದಿದೆಯೇ ಎಂಬುದನ್ನು ಕೋಲು ಊರಿ ನೋಡಿಕೊಂಡೇ ಉಳಿದವರನ್ನು ಇಳಿಸಬೇಕು. ಹಿನ್ನೀರಿನಡಿ ಹೋದ ಹೊಲಗಳಲ್ಲಿ ಹಳೆಯ ತೆರೆದ ಬಾವಿಗಳಿರುವುದುಂಟು. ಮೊಣಕಾಲುದ್ದದ ನೀರಿದೆಯೆಂದು ಮಕ್ಕಳನ್ನು ಆಡಲು ಬಿಡುವುದು ಬೇಡ.

ಗಾಳಿಯ ವಿಷಯದಲ್ಲಿ ನನಗಾದ ಪಾಠವನ್ನು ಹೇಳುತ್ತೇನೆ. ಒಮ್ಮೆ ತಂಗಿಯ ಮಕ್ಕಳನ್ನು ಕೂರಿಸಿಕೊಂಡು, ಗಾಳಿ ಬೀಸುವ ದಿಕ್ಕಿಗೇ ಸಲೀಸಾಗಿ ಹುಟ್ಟು ಹಾಕುತ್ತ ದೂರ ಹೋಗಿಬಿಟ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ಬಿರುಸಾಯಿತು. ಹಿಂದಿರುಗಲು ಎಷ್ಟು ಹುಟ್ಟು ಹಾಕಿದರೂ ಹರಿಗೋಲು ನಿಂತಲ್ಲೇ ಗಿರಗಿರನೆ ತಿರುಗಿತೇ ಹೊರತು ಒಂದು ಮಾರು ಮುಂದೆ ಸಾಗಲಿಲ್ಲ. ಕೊನೆಗೆ ಅದು ಎದುರು ದಂಡೆಯ ಮುಳುಗಿದ ಜಾಲಿಗಿಡಗಳಿಗೆ ಸಿಕ್ಕಿಹಾಕಿಕೊಂಡಿತು. ಮುಳ್ಳು ತಳವನ್ನು ಚುಚ್ಚಲಿಲ್ಲ ಎಂಬುದೊಂದೇ ಪುಣ್ಯ, ಮನೆಗೆ ಬಂದ ಮೇಲೆ ತಂಗಿಯಿಂದ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅಂದಿನಿಂದ ಹೊರಡುವಾಗ ಗಾಳಿಗೆ ಎದುರಾಗಿಯೇ ಹೋಗುತ್ತೇನೆ. ದಣಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ಗಾಳಿ ಬರುವ ಕಡೆಯ ದಂಡೆಗೆ ಗುಡ್ಡವೋ ಮರಗಳ ಸಾಲೋ ಆಸರೆಯಾಗಿದ್ದರೆ ಅದರ ಬುಡದಲ್ಲಿ ಅಲೆ ಏಳುವುದಿಲ್ಲ. ಅಲೆ ದೊಡ್ಡದಾಗಲು ಗಾಳಿಗೆ ತೆರೆದ ನೀರಿನ ಉದ್ದ ಬೇಕು, ಬಸವಸಾಗರದಂಥ ವಿಶಾಲ ಹಿನ್ನೀರಿನಲ್ಲಿ ಅದಕ್ಕೆ ಕೊರತೆಯಿಲ್ಲ.

ನಿಮ್ಮ ಮೂರರಲ್ಲಿ ನಾನು ಕಾರಂಜಾವನ್ನು ಆರಿಸುತ್ತೇನೆ, ಅದರಲ್ಲೂ ಹಿನ್ನೀರಿನ ಕಿರಿದಾದ ಕವಲುಗಳನ್ನು. ಕಟ್ಟೆಯ ಸಮೀಪವಂತೂ ಖಂಡಿತ ಬೇಡ. ದಂಡೆಯಿಂದ ಕೂಗಿದರೆ ಕೇಳಿಸುವಷ್ಟು ದೂರ ಸಾಕು. ಸೀಸದ ಗುಂಡು ಕಟ್ಟಿದ ಹುರಿಗೆ ಮೊಳಕ್ಕೊಂದು ಗಂಟು ಹಾಕಿಕೊಂಡು ಆಳ ಅಳೆಯಿರಿ. ಒಂದೂವರೆಯಿಂದ ಎರಡು ಮಾರು, ಅಂದರೆ ಒಂಬತ್ತರಿಂದ ಹನ್ನೆರಡು ಅಡಿ ಆಳವಿದ್ದು, ತಳ ನಿಧಾನವಾಗಿ ಇಳಿಯುತ್ತ ಹೋಗಿ ಹಳೆಯ ಹಳ್ಳದ ಪಾತ್ರಕ್ಕೆ ಸೇರುವ ಅಂಚು ಸಿಕ್ಕರೆ ಅಲ್ಲೇ ಲಂಗರು ಹಾಕಿ. ಗುಂಡು ಎತ್ತಿದಾಗ ಕೆಸರು ಮೆತ್ತಿಕೊಂಡು ಬಂದರೆ ಸಾಮಾನ್ಯ ಗೆಂಡೆ, ಮೃಗಾಲ ಮೀನುಗಳು ತಳದಲ್ಲಿ ಮೇಯುವ ಜಾಗ ಅದೆಂದು ತಿಳಿಯಬಹುದು. ಹೋದೆಡೆಯೆಲ್ಲ ಹುರಿ ಸಿಕ್ಕಿಕೊಂಡರೆ ಕೆಳಗೆ ಬೊಡ್ಡೆಗಳಿವೆ. ಹೊಸಬರ ಗಾಳಗಳನ್ನು ಬಿಡಿಸುವುದರಲ್ಲೇ ನಿಮ್ಮ ಬೆಳಗು ಮುಗಿದುಹೋಗುತ್ತದೆ.

ಕಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುವ ಮೀನು, ಅದಕ್ಕೆ ಗಂಟೆಗಟ್ಟಲೆ ಕಾಯುವ ತಾಳ್ಮೆ ಬೇಕು. ಅಷ್ಟು ತಾಳ್ಮೆಯನ್ನು ಮಕ್ಕಳಿಂದ ನಿರೀಕ್ಷಿಸುವಂತಿಲ್ಲ. ಜಿಲೇಬಿ ಮೀನು ಅಂಗೈಯಗಲದ್ದೇ ಇರಲಿ, ಎರೆಹುಳುವಿಗೂ ಕಣಕದ ಉಂಡೆಗೂ ಬೇಗ ಕಚ್ಚುತ್ತದೆ, ಬೆಂಡು ಮುಳುಗಿದ್ದನ್ನು ಒಮ್ಮೆ ಕಂಡ ಮಗು ಆಮೇಲೆ ಮೊಬೈಲ್ ಕೇಳುವುದಿಲ್ಲ. ಅದರ ಬೆನ್ನಿನ ರೆಕ್ಕೆಯ ಮುಳ್ಳು ಚುಚ್ಚದಂತೆ ಅಂಗೈಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿಕೊಂಡು ಹೋಗಿ ಹಿಡಿಯುವುದನ್ನು ಮೊದಲೇ ತೋರಿಸಿಕೊಡಿ. ಜೊಂಡು ಬೆಳೆದ ಕೆಸರು ಮೂಲೆಗಳ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿ ಚೇಳುಮೀನು ಸಿಗುತ್ತದೆ, ಅದರ ಪಕ್ಕದ ಮುಳ್ಳಿನಲ್ಲಿ ವಿಷವಿದೆ, ಚುಚ್ಚಿದರೆ ದೊಡ್ಡವರೂ ಅಳುವಂತಾಗುತ್ತದೆ.

ಕೃಷ್ಣಾ ಎಡದಂಡೆ, ಸುರಪುರ

ಬಸವಸಾಗರ ನಮ್ಮ ಊರಿನ ಕಡೆಯದು, ಅದರ ಮೇಲಿನ ಅಭಿಮಾನ ನನಗೆ ಯಾರಿಗಿಂತಲೂ ಕಡಿಮೆಯಿಲ್ಲ. ಆದರೂ ಹಿರಿಯರ ಮಾತನ್ನು ಒಪ್ಪುತ್ತೇನೆ. ಹಿನ್ನೀರು ಬೇಡವೆಂದು ಯಾರಾದರೂ ಅಣೆಕಟ್ಟೆಯ ಕೆಳಗಿನ ನದಿಪಾತ್ರವನ್ನು ಸೂಚಿಸಿದರೆ ಅದಕ್ಕೂ ಒಪ್ಪಬೇಡಿ. ಗೇಟು ತೆರೆದಾಗ ಬಂಡೆಗಳ ನಡುವೆ ನೀರು ಏರುವ ವೇಗವನ್ನು ಹೊಸಬರು ಅಂದಾಜು ಮಾಡಲಾರರು. ಅದಲ್ಲದೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು ನೀರಾಟವಾಡುವ ಮಕ್ಕಳನ್ನು ಅಲ್ಲಿಗೆ ಕರೆತರುವುದು ಸರಿಯಲ್ಲ.

ನೀವು ಆರೂ ಮಂದಿ ಒಟ್ಟಿಗೆ ದೋಣಿ ಹತ್ತುವುದಾದರೆ ಅದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಹರಿಗೋಲಿನಲ್ಲಿ ಆರು ಮಂದಿ ಗಾಳ ಹಾಕುವುದೆಂದರೆ ಒಬ್ಬರ ಗಾಳ ಇನ್ನೊಬ್ಬರ ಕಿವಿಗೆ ಸಿಕ್ಕಿಕೊಳ್ಳುವ ಏರ್ಪಾಡೇ ಸರಿ. ಅಂಬಿಗನೊಂದಿಗೆ ಇಬ್ಬರಂತೆ ಮೂರು ಸರದಿ ಮಾಡಿ, ಉಳಿದವರು ದಂಡೆಯಲ್ಲಿ ಗಾಳ ಹಾಕಲಿ. ಕೋಲು ಬೀಸಿ ಎಸೆಯಲು ಕಲಿಸುವ ಅಗತ್ಯವೇ ಇಲ್ಲ, ದೋಣಿಯ ಅಂಚಿನಿಂದ ನೇರವಾಗಿ ಕೆಳಗೆ ಬಿಟ್ಟರೆ ಸಾಕು. ಲೈಫ್ ಜಾಕೆಟ್ಟನ್ನು ಈಜು ಬರುವವರೂ ದಂಡೆಯಲ್ಲೇ ಕಟ್ಟಿಕೊಳ್ಳಬೇಕು.

ಕಾಗಿಣಾ ದಂಡೆಯವ, ಕಲಬುರಗಿ

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಕಾರಂಜಾ ಎಂದು ನಿರ್ಧರಿಸುತ್ತೇನೆ. ಎರಡು ಸಂಶಯಗಳು ಉಳಿದಿವೆ. ನವೆಂಬರಿನಲ್ಲಿ ನೀರು ತುಂಬಿರುವುದರಿಂದ ಬೊಡ್ಡೆಗಳೂ ಬಾವಿಗಳೂ ಕಾಣುವುದಿಲ್ಲವಲ್ಲ, ಅವುಗಳನ್ನು ಮೊದಲೇ ಗುರುತಿಸುವುದು ಹೇಗೆ? ಗೆಳೆಯರೊಬ್ಬರು ಚಿಂಚೋಳಿಯ ಚಂದ್ರಂಪಳ್ಳಿಯೇ ಚೆಂದ ಎನ್ನುತ್ತಿದ್ದಾರೆ, ಅದು ಹೇಗೆ?

ಮಾಂಜ್ರಾ ನೀರು, ಬೀದರ್

ಚಂದ್ರಂಪಳ್ಳಿ ಚೆಂದವೇನೋ ಹೌದು, ಆದರೆ ಅದು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದ ಕಾಡಿನ ನಡುವೆ ಇದೆ. ಅಲ್ಲಿ ಗಾಳದ ಚೀಲ ಬೇಡ, ನೋಡಿಕೊಂಡು ಬರಲು ಹೋಗಿ.

ಮುಳುಗಿದ್ದನ್ನು ಗುರುತಿಸಲು ಬೇಸಿಗೆಯ ಚಿತ್ರ ನೋಡಬೇಕು. ನಾನು ಪ್ರತಿ ಮೇ ತಿಂಗಳಲ್ಲಿ, ನೀರು ತಳ ಕಂಡಾಗ, ಹಿನ್ನೀರಿನ ಬಯಲಿನಲ್ಲಿ ನಡೆದಾಡಿ ಬಾವಿ, ಬದು, ಜಾಲಿಗಿಡಗಳ ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ. ನಿಮಗೆ ಈ ವರ್ಷ ಅದು ತಪ್ಪಿರುವುದರಿಂದ ಉಪಗ್ರಹ ನಕ್ಷೆಯಲ್ಲಿ ಹಿಂದಿನ ಬೇಸಿಗೆಗಳ ಚಿತ್ರಗಳನ್ನು ತೆರೆದು ನೋಡಿ, ಹಳ್ಳದ ಹಳೆಯ ಪಾತ್ರವೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಿಂತ ಖಚಿತವಾಗಿ ಹೇಳಬಲ್ಲವರು ಅಲ್ಲಿ ದಿನವೂ ಬಲೆ ಬಿಡುವ ಮೀನುಗಾರರು. ಹೇಗಿದ್ದರೂ ಅವರ ಸಂಘದವರನ್ನೂ ಮೀನುಗಾರಿಕೆ ಇಲಾಖೆಯವರನ್ನೂ ಕೇಳದೆ ದೋಣಿ ಇಳಿಸುವುದು ಸರಿಯಲ್ಲ. ಅವರಲ್ಲೇ ಒಬ್ಬರನ್ನು ದಿನಗೂಲಿ ಕೊಟ್ಟು ಅಂಬಿಗನಾಗಿ ಕರೆದುಕೊಂಡರೆ ಬಾವಿ ಎಲ್ಲಿದೆ, ಬೊಡ್ಡೆ ಎಲ್ಲಿದೆ ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತದೆ. ನೀರಿನ ಮೇಲೆ ಸಾಲಾಗಿ ತೇಲುವ ಖಾಲಿ ಬಾಟಲಿಗಳು ಕಂಡರೆ ಕೆಳಗೆ ಬಲೆ ಕಟ್ಟಿದ್ದಾರೆಂದು ತಿಳಿದು ದೂರದಿಂದಲೇ ಬಳಸಿ ಹೋಗಿ.

ಹೊತ್ತಿನ ವಿಷಯವನ್ನು ಯಾರೂ ಹೇಳಲಿಲ್ಲ. ನಮ್ಮ ಬೀದರಿನ ಚಳಿಯಲ್ಲಿ ಬೆಳಗಿನ ಆರಕ್ಕೇ ಹೋಗಿ ನಡುಗುವುದರಿಂದ ಪ್ರಯೋಜನವಿಲ್ಲ. ಬಿಸಿಲು ಬಿದ್ದು ಅಂಚಿನ ನೀರು ತುಸು ಬೆಚ್ಚಗಾದ ಮೇಲೆ, ಎಂಟರ ಸುಮಾರಿಗೆ, ಮೀನು ಮೇಯಲು ತೊಡಗುತ್ತದೆ. ಹತ್ತೂವರೆಗೆ ದೋಣಿ ದಂಡೆಗೆ ಬಂದಿರಲಿ. ಬುತ್ತಿ ಬಿಚ್ಚುವುದು ಆಮೇಲೆ, ಏಕೆಂದರೆ ಎರೆಹುಳು ಮುಟ್ಟಿದ ಕೈಯಲ್ಲೇ ರೊಟ್ಟಿ ಮುರಿಯುವ ಮಕ್ಕಳನ್ನು ದೋಣಿಯಲ್ಲಿ ತಡೆಯುವುದು ಯಾರಿಂದಲೂ ಆಗದು.