ಕೆಂಪು ಅಂಗಿಯ ಫೋಟೊಗಳಿಗೆ ಯಾವ ಬಣ್ಣದ ಕಾಗದ? ಏಳು ಫೋಟೊಗಳನ್ನು ಒಂದೇ ಪುಟದಲ್ಲಿ ಹೇಗೆ ಕೂರಿಸುವುದು?

ಪ್ರಶ್ನೆ

ನಮಸ್ಕಾರ. ಮಗಳು ಸೈಕಲ್ ಕಲಿತ ದಿನದ ಏಳು ಫೋಟೊಗಳನ್ನು 12 ಇಂಚು ಉದ್ದಗಲದ ಸ್ಕ್ರ್ಯಾಪ್‌ಬುಕ್ ಪುಟವೊಂದರಲ್ಲಿ ಕೂರಿಸಲು ಮೂರು ದಿನಗಳಿಂದ ಪ್ರಯತ್ನಿಸುತ್ತಿದ್ದೇನೆ. ಎಲ್ಲ ಫೋಟೊಗಳೂ 4 x 6 ಇಂಚಿನವು. ಅವಳು ತೊಟ್ಟಿರುವುದು ಕಡುಗೆಂಪು ಅಂಗಿ. ಹಿಂದೆ ಬೂದುಬಣ್ಣದ ರಸ್ತೆ, ಅಂಚಿನಲ್ಲಿ ಒಣಗಿದ ಹುಲ್ಲು, ಒಂದು ಮೂಲೆಯಲ್ಲಿ ನೀಲಿ ಬಾಗಿಲು ಕಾಣುತ್ತವೆ. ಅಂಗಿಗೆ ಹೊಂದಲಿ ಎಂದು ಅದೇ ಕೆಂಪಿನ ದಪ್ಪ ಕಾಗದವನ್ನು ಆರಿಸಿಕೊಂಡೆ. ಆದರೆ ಫೋಟೊವನ್ನು ಅದರ ಮೇಲಿಟ್ಟ ಕೂಡಲೇ ಮಗುವಿನ ಮುಖ ಕಳೆಗುಂದಿದಂತೆ ಕಾಣುತ್ತದೆ, ಅಂಗಿಯ ಕೆಂಪೂ ಸಪ್ಪೆಯಾಗುತ್ತದೆ. ಇದಕ್ಕೆ ಕಾರಣವೇನು? ಜೊತೆಗೆ, ಫೋಟೊಗಳನ್ನು ಹೇಗೆ ತಿರುಗಿಸಿ ಇಟ್ಟರೂ ಏಳೂ ಹಿಡಿಸುತ್ತಿಲ್ಲ. ಹಿಂದಿನಿಂದ ಸೀಟು ಹಿಡಿದ ಕೈ, ಬಿದ್ದ ಗಳಿಗೆ, ತರಚಿದ ಮೊಣಕಾಲು, ಕೊನೆಗೆ ಒಬ್ಬಳೇ ಓಡಿಸಿಕೊಂಡು ಹೋದದ್ದು, ಇವುಗಳಲ್ಲಿ ಯಾವುದನ್ನೂ ಬಿಡಲು ಮನಸ್ಸಿಲ್ಲ.

ಮೊದಲ ಉತ್ತರ

ಬಣ್ಣದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ಕಾಗದದಲ್ಲಿ ದೋಷವಿಲ್ಲ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ ಬಣ್ಣದೊಂದಿಗೆ ಹೋಲಿಸಿಯೇ ನೋಡುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನ ವಿಜ್ಞಾನಿ ಮಿಷೆಲ್ ಯೂಜೀನ್ ಶೆವ್ರಲ್ ಅವರಿಗೆ, ಅಲ್ಲಿನ ಕಪ್ಪು ನೂಲಿಗೆ ಕಪ್ಪು ಸಾಲದು ಎಂಬ ದೂರು ಬಂದಿತ್ತು; ಪರೀಕ್ಷಿಸಿದಾಗ ನೂಲಿನ ಬಣ್ಣ ಸರಿಯಾಗಿಯೇ ಇತ್ತು, ಅದರ ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳು ಅದನ್ನು ಪೇಲವವಾಗಿ ಕಾಣಿಸುತ್ತಿದ್ದವು. ಇದನ್ನು ಕೂಲಂಕಷವಾಗಿ ಅಭ್ಯಸಿಸಿ ಅವರು 1839ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು.

ನಿಮ್ಮ ಪುಟದಲ್ಲಿ ನಡೆಯುತ್ತಿರುವುದೂ ಅದೇ. ಸುತ್ತಲೂ ಕೆಂಪು ಹರಡಿರುವಾಗ ಅದರ ಎದುರು ಬಣ್ಣವಾದ ಹಸಿರಿನ ಛಾಯೆ ನಡುವಿನ ವಸ್ತುಗಳ ಮೇಲೆ ಬಿದ್ದಂತೆ ಕಣ್ಣಿಗೆ ತೋರುತ್ತದೆ. ಹೀಗಾಗಿ ಮಗುವಿನ ಮೈಬಣ್ಣದಲ್ಲಿರುವ ನಸುಗೆಂಪು ಮಂಕಾಗುತ್ತದೆ. ಇನ್ನು ಅಂಗಿಯ ಕೆಂಪು ಒಂದೆರಡು ಇಂಚಿನಷ್ಟೇ ಇರುವುದರಿಂದ, ಅಷ್ಟು ದೊಡ್ಡ ಕೆಂಪಿನ ಮುಂದೆ ಅದು ಎದ್ದು ಕಾಣಲು ದಾರಿಯೇ ಇರುವುದಿಲ್ಲ. ಫೋಟೊದಲ್ಲಿ ಯಾವ ಬಣ್ಣ ಮುಖ್ಯವೋ ಅದನ್ನು ಹಿನ್ನೆಲೆಗೆ ಬಳಸಬಾರದು, ಯಾರೂ ಗಮನಿಸದ ಬಣ್ಣವನ್ನು ಹಿನ್ನೆಲೆಗೆ ತರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಫೋಟೊದಲ್ಲಿ ಅಂಥ ಬಣ್ಣವೆಂದರೆ ರಸ್ತೆಯ ಬೂದು.

ಆದರೆ ಬೂದುಬಣ್ಣ ಒಂದೇ ಬಗೆಯದಲ್ಲ. ಕೆಲವು ನೀಲಿಯತ್ತ ವಾಲುತ್ತವೆ, ಕೆಲವು ಕಂದಿನತ್ತ. ಕಾಗದದ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸಿ ಫೋಟೊದಲ್ಲಿನ ರಸ್ತೆಯ ಮೇಲೆಯೇ ಇಟ್ಟು ನೋಡಿ. ಹಗಲಿನಲ್ಲಿ, ಕಿಟಕಿಯ ಬಳಿ ನೋಡಿ. ಹಳದಿ ಬಲ್ಬಿನ ಕೆಳಗೆ ಸರಿಯೆನಿಸಿದ ಕಾಗದ ಬೆಳಿಗ್ಗೆ ಎದ್ದು ನೋಡುವಾಗ ಬೇರೆಯೇ ಆಗಿರುತ್ತದೆ. ಆಮೇಲೆ ಫೋಟೊವನ್ನು ಕಾಗದದ ಮೇಲಿಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪಿನ ಚಿತ್ರ ತೆಗೆಯಿರಿ. ಅದರಲ್ಲಿ ಫೋಟೊದ ಅಂಚು ಕಾಗದದೊಂದಿಗೆ ಬೆರೆತು ಮರೆಯಾದರೆ ಎರಡರ ತಿಳಿ–ಗಾಢತೆ ಒಂದೇ ಆಗಿದೆ ಎಂದರ್ಥ. ಆಗ ಇನ್ನೂ ತಿಳಿಯಾದ ಬೂದನ್ನು ಆರಿಸಿ.

ಎರಡನೆಯ ಉತ್ತರ

ನಾನು ಜೋಡಣೆಯ ಬಗ್ಗೆ ಹೇಳುತ್ತೇನೆ. 4 x 6 ಇಂಚಿನ ಏಳು ಫೋಟೊಗಳ ವಿಸ್ತೀರ್ಣ 168 ಚದರ ಇಂಚು; ನಿಮ್ಮ ಪುಟದ್ದು 144. ಹೀಗಿರುವಾಗ ಎಷ್ಟು ತಿರುಗಿಸಿಟ್ಟರೂ ಅವು ಹಿಡಿಸುವುದು ಸಾಧ್ಯವಿಲ್ಲ. ನೀವು ಹೆಸರಿಸಿದ ನಾಲ್ಕನ್ನಷ್ಟೇ ಈ ಪುಟಕ್ಕೆ ಇಟ್ಟುಕೊಳ್ಳಿ. ಅವಳು ಒಬ್ಬಳೇ ಓಡಿಸುವ ಫೋಟೊ ಪೂರ್ಣ ಅಳತೆಯಲ್ಲಿ ಇರಲಿ, ಉಳಿದ ಮೂರನ್ನು 3 ಇಂಚಿನ ಚೌಕಗಳಾಗಿ ಕತ್ತರಿಸಿ.

ಈ ಅಳತೆಗಳನ್ನು ಹೇಳಲು ಕಾರಣವಿದೆ. ಮೂರು ಚೌಕಗಳನ್ನು ಸಾಲಾಗಿ, ನಡುನಡುವೆ ಕಾಲು ಇಂಚು ಬಿಟ್ಟು ಇಟ್ಟರೆ ಒಟ್ಟು ಅಗಲ ಒಂಬತ್ತೂವರೆ ಇಂಚು; ಪುಟದ ಎರಡು ಬದಿಗೂ ಒಂದೂಕಾಲು ಇಂಚಿನ ಖಾಲಿ ಜಾಗ ಸಿಗುತ್ತದೆ. ದೊಡ್ಡ ಫೋಟೊದ ಹಿಂದೆ, ಸುತ್ತಲೂ ಅರೆಕಾಲು ಇಂಚು ಕಾಣುವಂತೆ ಬೇರೆ ಬಣ್ಣದ ಕಾಗದವೊಂದನ್ನು ಅಂಟಿಸಿದರೆ ಅದರ ಅಗಲ ಆರೂಕಾಲು ಇಂಚಾಗುತ್ತದೆ. ಕೆಳಗಿನ ಎರಡು ಚೌಕಗಳೂ ಅವುಗಳ ನಡುವಿನ ಸಂದೂ ಸೇರಿದರೆ ಆಗುವುದೂ ನಿಖರವಾಗಿ ಆರೂಕಾಲು ಇಂಚೇ. ಹಾಗಾಗಿ ದೊಡ್ಡ ಫೋಟೊದ ಅಂಚು ಕೆಳಗಿನ ಚೌಕದ ಅಂಚಿಗೆ ಗೆರೆ ಎಳೆದಂತೆ ಕೂರುತ್ತದೆ, ಪಕ್ಕದಲ್ಲಿ ಬರವಣಿಗೆಗೆಂದು 3 ಇಂಚು ಅಗಲದ ಜಾಗವೂ ಉಳಿಯುತ್ತದೆ. ಮೊದಲ ಬಾರಿ ಈ ಲೆಕ್ಕ ಕೂಡಿಬಂದಾಗ ನನಗಾದ ಸಂತೋಷ ಇಂದಿಗೂ ನೆನಪಿದೆ. ಮೇಲ್ಭಾಗದಲ್ಲಿ ಶೀರ್ಷಿಕೆಗೆ ಬೇಕಾದಷ್ಟು ಸ್ಥಳವಿರುತ್ತದೆ.

ಸೈಕಲ್ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಗಮನಿಸಿ. ಅವಳು ಬಲಕ್ಕೆ ಹೋಗುತ್ತಿದ್ದರೆ ದೊಡ್ಡ ಫೋಟೊ ಎಡಬದಿಯಲ್ಲಿರಲಿ, ಆಗ ಅವಳು ಪುಟದ ಒಳಕ್ಕೆ, ನಿಮ್ಮ ಬರವಣಿಗೆಯತ್ತ ಸಾಗುತ್ತಾಳೆ. ಎಡಕ್ಕಾದರೆ ಫೋಟೊವನ್ನು ಬಲಬದಿಗೆ ಇಡಿ. ಚೌಕಗಳನ್ನು ಕತ್ತರಿಸುವಾಗ ಮೊಣಕಾಲಿನ ಫೋಟೊದಲ್ಲಿ ಮೊಣಕಾಲೇ ಚೌಕದ ತುಂಬ ಬರಲಿ. ಮೂರರಲ್ಲೂ ಆಕೃತಿ ಒಂದೇ ಗಾತ್ರದಲ್ಲಿದ್ದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ.

ಮೂರನೆಯ ಉತ್ತರ

ಮೊದಲ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಕೆಂಪನ್ನು ಪೂರ್ತಿಯಾಗಿ ಹೊರಗಿಡಬೇಕಿಲ್ಲ. ಪುಟದಲ್ಲಿ ಮೂರು ಕಡೆ, ತ್ರಿಕೋನದ ಮೂರು ಮೂಲೆಗಳಂತೆ, ಕೆಂಪನ್ನು ಚಿಕ್ಕದಾಗಿ ಬಳಸಿ: ಶೀರ್ಷಿಕೆಯ ಒಂದು ಪದ, ಬರವಣಿಗೆಯ ಕೆಳಗಿನ ತೆಳು ಪಟ್ಟಿ, ಎದುರು ಮೂಲೆಯಲ್ಲಿ ಒಂದು ಗುಂಡಿ. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲಿ ಅಂಗಿಯನ್ನು ಹಾದೇ ಹೋಗುತ್ತದೆ. ದೊಡ್ಡ ಫೋಟೊದ ಹಿಂದಿನ ಅರೆಕಾಲು ಇಂಚಿನ ಅಂಚಿಗೆ ಮಾತ್ರ ಕೆಂಪು ಬೇಡ, ಬಾಗಿಲಿನ ನೀಲಿಯನ್ನು ಹಾಕಿ. ಚಿತ್ತಾರದ ಕಾಗದ ಬಳಸುವ ಆಸೆಯಿದ್ದರೆ ಅದರ ಹೂವಾಗಲಿ ಚುಕ್ಕೆಯಾಗಲಿ ಫೋಟೊದಲ್ಲಿನ ಮುಖಕ್ಕಿಂತ ಚಿಕ್ಕದಾಗಿರಲಿ.

ಯಾರೂ ಹೇಳದ ಒಂದು ಮಾತನ್ನು ಸೇರಿಸಬೇಕು. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಕಾಗದ ಆಮ್ಲರಹಿತ, ಲಿಗ್ನಿನ್‌ರಹಿತ (ಲಿಗ್ನಿನ್ ಎಂದರೆ ಮರದಲ್ಲಿ ಸಹಜವಾಗಿರುವ ಒಂದು ಪದಾರ್ಥ) ಎಂದು ನಮೂದಾಗಿರದಿದ್ದರೆ ಅದನ್ನು ಫೋಟೊಗೆ ತಾಗಿಸಬೇಡಿ. ಸುದ್ದಿಪತ್ರಿಕೆ ಬೇಗನೆ ಹಳದಿಯಾಗುವುದು ಅದರಲ್ಲಿ ಉಳಿದಿರುವ ಲಿಗ್ನಿನ್‌ನಿಂದಲೇ. ಪುಟವನ್ನು ಪಿವಿಸಿ ಹೊದಿಕೆಯಲ್ಲಿಯೂ ಇಡಬೇಡಿ. ಕಾಗದ, ಅಂಟು ಮುಂತಾದವು ಫೋಟೊಗೆ ಹಾನಿ ಮಾಡುತ್ತವೆಯೇ ಎಂದು ಪರೀಕ್ಷಿಸುವ ಕ್ರಮಕ್ಕೆ ಐಎಸ್‌ಒ 18916 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಮಗ್ರಿ ಸಿಕ್ಕರೆ ಅದನ್ನೇ ಬಳಸಿ. ಒಂದೇ ಪ್ರತಿ ಇರುವ ಫೋಟೊವನ್ನು ಎಂದಿಗೂ ಕತ್ತರಿಸಬೇಡಿ, ಇನ್ನೊಂದು ಪ್ರತಿ ಮುದ್ರಿಸಿಕೊಂಡು ಅದನ್ನು ಕತ್ತರಿಸಿ. ನನ್ನ ಅಜ್ಜನ ಒಂದು ಫೋಟೊವನ್ನು ನಾನೇ ಅಂಡಾಕಾರವಾಗಿ ಕತ್ತರಿಸಿ ಹಾಳುಮಾಡಿದ್ದೇನೆ. ಅವರ ಹಿಂದೆ ನಿಂತಿದ್ದವರು ಯಾರೆಂದು ಇನ್ನು ತಿಳಿಯುವಂತಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಹೊಸ ಪ್ರತಿಗಳನ್ನು ಮುದ್ರಿಸಿಕೊಂಡು, ಸ್ವಲ್ಪ ಕಂದು ಬೆರೆತ ತಿಳಿ ಬೂದಿನ ಮೇಲೆ, ಅಂಟಿಸದೆ, ಹೇಳಿದ ಅಳತೆಯಲ್ಲೇ ಜೋಡಿಸಿ ನೋಡಿದೆ. ಅಂಚುಗಳು ನಿಜವಾಗಿಯೂ ಒಂದೇ ಗೆರೆಗೆ ಬಂದವು, ಮುಖವೂ ಮೊದಲಿನ ಕಳೆಗೆ ಮರಳಿತು. ಅವಳು ಎಡಕ್ಕೆ ಹೋಗುತ್ತಿರುವುದರಿಂದ ದೊಡ್ಡ ಫೋಟೊ ಬಲಬದಿಯಲ್ಲಿದೆ. ಸೀಟು ಹಿಡಿದ ಕೈಯ ಚೌಕವನ್ನು ಸಾಲಿನ ಮೊದಲಿಗೆ ಇಡಬೇಕೆಂದಿದ್ದೆ; ಆದರೆ ಅದನ್ನು ಬಲತುದಿಗೆ, ದೊಡ್ಡ ಫೋಟೊದ ಹಿಂಚಕ್ರದ ಕೆಳಗೆ ಇಟ್ಟಾಗ, ಕೈ ಈಗಷ್ಟೇ ಸೈಕಲನ್ನು ಬಿಟ್ಟಂತೆ ಕಾಣುತ್ತದೆ. ಘಟನೆಗಳ ಕ್ರಮ ತಪ್ಪಿದರೂ ಹಾಗೆಯೇ ಇಡಬಹುದೇ?

ಎರಡನೆಯ ಉತ್ತರ ಬರೆದವರು

ಖಂಡಿತವಾಗಿಯೂ ಹಾಗೆಯೇ ಇಡಿ. ಘಟನೆಗಳ ಕ್ರಮವನ್ನು ಪಕ್ಕದ 3 ಇಂಚಿನ ಜಾಗದಲ್ಲಿ ನಿಮ್ಮ ಕೈಬರಹದಲ್ಲೇ ಬರೆಯಿರಿ. ಉಳಿದ ಮೂರು ಫೋಟೊಗಳಿಗೆ ಎದುರಿನ ಪುಟವನ್ನು ಅದೇ ಬೂದು ಕಾಗದದಲ್ಲಿ ಮಾಡಿ, ಚೌಕಗಳ ಸಾಲು ಎರಡು ಪುಟಗಳಲ್ಲೂ ಒಂದೇ ಎತ್ತರದಲ್ಲಿ ಬರುವಂತೆ ನೋಡಿಕೊಂಡ ಮೇಲೆಯೇ ಅಂಟಿಸಿ.